ಹನ್ನೆರಡು ಬಾಗಿಲಿನ ಅಂತರಿಕ್ಷ ನೌಕೆ

ಅದು ಸಿಕ್ಕಿದ್ದು ಅಂತರಿಕ್ಷ ನೌಕೆಯ ಸೆರೆಮನೆಯ ಗೋಡೆಯ ಮೇಲೆ, ಇರುವೆ ಗಾತ್ರದ ಅಕ್ಷರಗಳಲ್ಲಿ. ವ್ಯಾಂಕೂವರಿನ ಟಿವಿ ಸ್ಟುಡಿಯೋಗೆ ಅಭಿಮಾನಿಯೊಬ್ಬಳ ದೂರಿನ ತನಿಖೆಗೆಂದು ಬಂದ ಗ್ರೆಟಾ ಹಾಲ್ವರ್ಸನ್ ಧಾರಾವಾಹಿಯ ದೃಶ್ಯವನ್ನು ನಿಲ್ಲಿಸಿ, ಹಿಗ್ಗಿಸಿ ಓದಿದಳು:

‘ಕೈದಿ: ನಾರ್ಮಾ ಫ್ರೀಸನ್. ತೂಕ: ನೂರಾ ಹದಿನೆಂಟು ಕಿಲೋ. ಅಪರಾಧ: ಕ್ಯಾಪ್ಟನ್‌ಗೆ ನಾನೂರು ಪತ್ರ. ಕೊಠಡಿ: ಹನ್ನೆರಡು ಬಾಗಿಲುಗಳಲ್ಲಿ ಕೊನೆಯದು.’

ನಾರ್ಮಾ ನಿಜವಾದ ಹೆಂಗಸು. ಸಾಸ್ಕಟೂನಿನಲ್ಲಿ ಶಾಲಾ ಬಸ್ಸು ಓಡಿಸುತ್ತಾಳೆ. ಈ ಧಾರಾವಾಹಿ ಎಂದರೆ ಪ್ರಾಣ. ನೌಕೆಯ ಸಮವಸ್ತ್ರ ಹೊಲಿಸಿಕೊಡಿ ಎಂದು ತನ್ನ ಅಳತೆ, ತೂಕ ಬರೆದು ಕಳಿಸಿದ್ದಳು. ಆ ಪತ್ರವನ್ನು ಸ್ಟುಡಿಯೋದವರು ಕಾಫಿ ಯಂತ್ರದ ಮೇಲೆ ಅಂಟಿಸಿ ನಕ್ಕಿದ್ದರು. ಈ ದೃಶ್ಯ ಪ್ರಸಾರವಾದ ಮೇಲೆ ಬಸ್ಸಿನಲ್ಲಿ ಮಕ್ಕಳೇ ಅವಳ ತೂಕವನ್ನು ಕೂಗುತ್ತಾರಂತೆ.

“ಗೋಡೆ ಮಾಡಿದ್ದು ಲೋರ್ನಾ ತಾನೇ?” ಎಂದ ನಿರ್ಮಾಪಕ ಕಾಲಿನ್. “ಸಂಜೆಯೊಳಗೆ ಕೆಲ್ಸದಿಂದ ತೆಗೆದು ಮನೆಗೆ ಕಳಿಸ್ತೀನಿ.”

“ನಾನು ಅಂಟಿಸಿದ್ದು ಅಷ್ಟೇ!” ಸೆಟ್ಟು ಕಟ್ಟುವ ಲೋರ್ನಾ ಪೆಟ್ಕಾವ್ ಬಿಳಿಚಿಕೊಂಡಿದ್ದಳು. “ಚೀಟಿ ಡಬ್ಬಿಗೆ ಬೀಳುತ್ತೆ. ಯಾರು ಹಾಕ್ತಾರೋ ನಂಗೇನು ಗೊತ್ತು?”

ನಿಜ. ಗೋಡೆ ತುಂಬಿಸುವ ಸಾಲುಗಳನ್ನು ಯಾರು ಬೇಕಾದರೂ ಟೈಪ್ ಮಾಡಿ ಡಬ್ಬಿಗೆ ಹಾಕಬಹುದು. ಅಭಿಮಾನಿಗಳನ್ನು ಕದ್ದುಮುಚ್ಚಿ ಅಣಕಿಸುವುದು ಇಲ್ಲಿನ ಹಳೆಯ ಚಾಳಿ.

“ಲೋರ್ನಾ, ನೌಕೆಗೆ ಎಷ್ಟು ಬಾಗಿಲು?” ಎಂದು ಕೇಳಿದಳು ಗ್ರೆಟಾ.

“ಹದಿನಾಲ್ಕು. ಬಣ್ಣ ಬಳಿದವಳೇ ನಾನು.”

“ಕಾಲಿನ್?”

“ಹದಿನಾಲ್ಕು. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?”

ಮೂಲೆಯಲ್ಲಿ ಡ್ಯಾರೆಲ್ ವೀಬ್ ಮುಖ ಸಿಂಡರಿಸಿದ. ಅಭಿಮಾನಿ ಸಂಘದ ಮಾಜಿ ಅಧ್ಯಕ್ಷ. ಈಗ ಇಲ್ಲಿ ಸಂಬಳಕ್ಕಿದ್ದು ಕಥೆಗಳ ತಪ್ಪು ಹುಡುಕುವವನು.

“ಹನ್ನೆರಡು!” ಎಂದ, ತಡೆಯಲಾಗದೆ. “ಕಥೆಯ ಮೂರನೇ ಕಂತಲ್ಲೇ ಎರಡು ಸುಟ್ಟುಹೋದ್ವು. ಎಷ್ಟು ಸಲ ಬಡ್ಕೊಂಡ್ರೂ ಈ ಜನಕ್ಕೆ—”

ಅಲ್ಲಿಗೆ ನಿಲ್ಲಿಸಿದ. ತಡವಾಗಿತ್ತು.

“ಎಲ್ಲರೂ ತೂಕ ನೋಡಿದ್ರಿ, ಬಾಗಿಲು ಯಾರೂ ನೋಡ್ಲಿಲ್ಲ,” ಎಂದಳು ಗ್ರೆಟಾ. “ಇಲ್ಲಿ ಬೇರೆ ಯಾರೇ ಬರೆದಿದ್ರೂ ಹದಿನಾಲ್ಕು ಅಂತಿದ್ರು. ಅಣಕಿಸೋವಾಗ್ಲೂ ಲೆಕ್ಕ ತಪ್ಪಬಾರ್ದು ಅಂತ ಒದ್ದಾಡೋನು ಅಭಿಮಾನಿ ಮಾತ್ರ. ಬರೆದಿದ್ದು ನೀವು, ಡ್ಯಾರೆಲ್. ಯಾಕೆ?”

“ಇವರು ನನ್ನನ್ನೂ ಹುಚ್ಚ ಅಂತಿದ್ರು. ಅವಳನ್ನ ನೋಡಿ ನಕ್ಕರೆ ನಾನೂ ಇವರವನಾಗ್ತೀನಿ ಅಂತ…”

ಕಾಲಿನ್ ಲೋರ್ನಾಳತ್ತ ತಿರುಗಿ, “ನೀನು ಕೆಲ್ಸಕ್ಕೆ ಹೋಗಮ್ಮ,” ಎಂದು ಗೊಣಗಿದ. ಕ್ಷಮಿಸು ಎನ್ನುವಷ್ಟೂ ಮನುಷ್ಯತ್ವ ಅವನಲ್ಲಿರಲಿಲ್ಲ. ಲೋರ್ನಾ ಹೋಗುವ ಮುನ್ನ ಆ ಡಬ್ಬಿಯನ್ನು ಎತ್ತಿ ಕಸಕ್ಕೆ ಸುರಿದಳು.

“ಒಂದೇ ಪ್ರಶ್ನೆ, ಡ್ಯಾರೆಲ್,” ಎಂದಳು ಗ್ರೆಟಾ. “ಎರಡು ಬಾಗಿಲು ಸುಟ್ಟು ಹನ್ನೆರಡೇ ಉಳಿದಿದ್ದು ನಿಮ್ಮ ಸಂಘದಲ್ಲಿ ಮೊದಲು ಗಮನಕ್ಕೆ ಬಂದಿದ್ದು ಯಾರಿಗೆ?”

ಅವನು ನೆಲ ನೋಡಿದ.

“ನಾರ್ಮಾಗೆ.”