ಎಳೆ ಎಣಿಸುವ ಪೆಟ್ಟಿಗೆ

"ನನ್ನ ಮಾರಿ ನೋಡಬ್ಯಾಡ್ರಿ ಸರ್, ಆ ಗ್ವಾಡಿ ನೋಡ್ರಿ," ಎಂದು ಕಣ್ಣು ಪರೀಕ್ಷೆ ಮಾಡುತ್ತಿದ್ದ ಸಂಧ್ಯಾ ಎರಡನೆಯ ಸಲ ಹೇಳಿದಳು.

ಕುರ್ಚಿಯಲ್ಲಿ ಕುಳಿತಿದ್ದವನು ದುರಗೇಶ, ಜಮಖಂಡಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲೆಕ್ಚರರ್. ತಲೆನೋವು ಅಂತ ಬನಹಟ್ಟಿಯ ಈ ಚಷ್ಮಾ ಅಂಗಡಿಗೆ ಬಂದಿದ್ದ. ಕಣ್ಣಿಗೆ ಬೆಳಕು ಬಿಟ್ಟು ನಂಬರು ನೋಡುವಾಗ ಕೂತವರು ದೂರಕ್ಕೆ ನೋಡಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಸಂಧ್ಯಾ ದಿನವೂ ಮಂದಿಗೆ ಇದನ್ನೇ ಹೇಳುತ್ತಿದ್ದಳು, ಮಂದಿಯೂ ಕೇಳುತ್ತಿದ್ದರು. ಈ ಪುಣ್ಯಾತ್ಮನ ಕಣ್ಣು ಮಾತ್ರ ಗೋಡೆಗೆ ಹೋದಂತೆ ಮಾಡಿ ಮತ್ತೆ ಅವಳ ಮುಖಕ್ಕೇ ಬಂದು ಕೂಡುತ್ತಿತ್ತು.

"ಗ್ವಾಡಿ ಮ್ಯಾಲ ಏನೂ ಇಲ್ಲಲ್ರೀ," ಎಂದ.

"ಏನೂ ಇಲ್ಲ ಅಂತನ ಅದನ್ನ ನೋಡು ಅಂತೀವ್ರಿ."

ಅವನ ಕಣ್ಣಿಗೆ ನಂಬರೇ ಇರಲಿಲ್ಲ. ಚಷ್ಮಾ ಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡಿರಿ ಸಾಕು ಎಂದು ಹೇಳಿ ಕಳಿಸಿದಳು. ಮುಂದಿನ ಭಾನುವಾರ ಮತ್ತೆ ಬಂದ. ಅದರ ಮುಂದಿನ ಭಾನುವಾರವೂ ಬಂದ. ಆ ತಲೆನೋವಿನ ಶಿಸ್ತಾದರೂ ಎಂಥದ್ದು! ಕಾಲೇಜಿನ ಪಾಠ ಕೆಡಿಸಲಿಲ್ಲ, ಪರೀಕ್ಷೆ ಕೆಡಿಸಲಿಲ್ಲ, ರಜೆಯ ದಿನ ನೋಡಿಕೊಂಡೇ ಏಳುತ್ತಿತ್ತು. ಸಂಧ್ಯಾಳಿಗೆ ತಿಳಿಯದೇ ಇರುತ್ತದೆಯೇ? ತಿಳಿದೂ ತಿಳಿಯದವಳ ಹಾಗೆ ಇದ್ದಳು, ಭಾನುವಾರಕ್ಕೆಂದೇ ಒಂದು ಒಳ್ಳೆಯ ಸೀರೆಯನ್ನು ಮಡಚಿಡತೊಡಗಿದಳು.

ಮೂರನೆಯ ಭಾನುವಾರ ಅಂಗಡಿಯಲ್ಲಿ ಒಬ್ಬ ಮುದುಕಿ ಅಕ್ಷರದ ಚಾರ್ಟಿನ ಮುಂದೆ ಕೂತಿದ್ದಳು. ಓದು ಬಾರದು, ಹಾಗೆಂದು ಹೇಳಲು ನಾಚಿಕೆ. ಎಲ್ಲಾ ಕಾಣುತ್ತದೆ ಬಿಡವ್ವಾ ಎಂದವಳೇ ಎದ್ದು ಹೋದಳು. ಸಂಧ್ಯಾ ಚಾರ್ಟನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಜೀವಮಾನವಿಡೀ ಮಗ್ಗದ ಮೇಲೆ ಹರಿದ ಎಳೆ ಹುಡುಕಿ ಗಂಟು ಹಾಕಿದವರಿಗೆ ಅಕ್ಷರ ತೋರಿಸಿ ಯಾಕೆ ಅವಮಾನ ಮಾಡಬೇಕು, ಎಳೆಯನ್ನೇ ತೋರಿಸಿದರೆ ಆಗದೇ ಎಂದು ದುರಗೇಶನ ಮುಂದೆ ತನ್ನ ಬಹುದಿನದ ಆಸೆ ತೆರೆದಿಟ್ಟಳು. ಒಂದು ಪೆಟ್ಟಿಗೆ, ಒಳಗೆ ಸಣ್ಣ ಬಲ್ಬು, ಕರಿ ಬಟ್ಟೆಯ ಮೇಲೆ ದಪ್ಪ ಎಳೆಯಿಂದ ಸಣ್ಣ ಎಳೆಯವರೆಗೆ ಸಾಲಾಗಿ ಅಂಟಿಸಿದ ನೂಲು. ಎಷ್ಟು ಎಳೆ ಕಂಡವು ಎಂದು ಎಣಿಸಿ ಹೇಳಿದರೆ ಸಾಕು, ನಂಬರು ಗೊತ್ತಾಗುತ್ತದೆ. ಮೇಜಿನ ಗಾಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ಎಳೆದು ಹೇಳಿದಳು. ಅಂದು ಮೊದಲ ಸಲ ದುರಗೇಶ ಅವಳ ಮುಖ ಬಿಟ್ಟು ಬೆರಳನ್ನೇ ನೋಡಿದ, ಕೊನೆಯತನಕ ಕೇಳಿದ. ಸಂಧ್ಯಾಳ ಮನಸ್ಸು ಅವನ ಕಡೆ ವಾಲಿದ್ದು ಆಗಲೇ.

ಪೆಟ್ಟಿಗೆಗೆ ಅಡ್ಡಿಯಾಗಿದ್ದದ್ದು ಗೋಂದು. ಅಂಗಡಿಯ ಗೋಂದು ಒಣಗಿದರೆ ಮಿಂಚುತ್ತದೆ, ಆ ಮಿಂಚಿನಲ್ಲಿ ಕಾಣದವರಿಗೂ ಎಳೆ ಕಾಣುತ್ತದೆ. ಬೇಸಿಗೆ ಬಂದರೆ ಸಡಿಲಾಗಿ ನೂಲು ಜೋತು ಬೀಳುತ್ತದೆ. ನಮ್ಮ ಕಡೆಯ ಬಿಸಿಲಿಗೂ ಜಗ್ಗದ, ಮಿಂಚದ ಅಂಟು ನಾನು ಮಾಡುತ್ತೇನೆ ಎಂದ ದುರಗೇಶ. ರಬಕವಿಯ ನೂಲಿನ ವ್ಯಾಪಾರಿ ನೀಲಕಂಠ ಅವನ ಗೆಳೆಯ. ಸಂಧ್ಯಾಳ ಮನೆಯ ಹಿಂದಿನ ಓಣಿಯಲ್ಲಿದ್ದ ನೀಲಕಂಠನ ಹಳೇ ಗೋದಾಮು ಖಾಲಿ ಬಿದ್ದಿತ್ತು. ಪ್ರತಿ ಭಾನುವಾರ ಅಲ್ಲಿ ಕೆಲಸ ನಡೆಯಿತು.

"ಪಾಲಿಮರ್ ಅಂದ್ರ ಏನ್ರಿ?" ಎಂದು ಅವಳು ಒಮ್ಮೆ ಕೇಳಿದಳು.

"ಸಣ್ಣ ಸಣ್ಣ ಕಣಾ ಒಂದರ ಕೈ ಒಂದು ಹಿಡಕೊಂಡು ಸಾಲಾಗಿ ನಿಲ್ಲತಾವ. ಅದಕ್ಕ ಪಾಲಿಮರ್ ಅಂತಾರ."

"ಮೊದಲ ಯಾರು ಕೈ ಚಾಚತಾರ್ರಿ?"

ದುರಗೇಶ ಅಂಟು ತಿರುವುತ್ತಿದ್ದ ಗಾಜಿನ ಕಡ್ಡಿಯನ್ನು ಹಾಗೇ ಬಿಟ್ಟ. ಅವನ ಕಿವಿ ಕೆಂಪಾದದ್ದನ್ನು ನೋಡಿ ಸಂಧ್ಯಾ ನಕ್ಕು, ಅಂಟು ಗಟ್ಟಿಯಾಗುತ್ತದೆ ತಿರುವಿರಿ ಎಂದಳು. ಇಬ್ಬರಲ್ಲಿ ಯಾರೂ ಕೈ ಚಾಚಲಿಲ್ಲ. ಆದರೆ ಅಂದಿನಿಂದ ಅವನು ಅವಳನ್ನು ‘ನೀ’ ಎಂದು ಕರೆಯತೊಡಗಿದ.

ಅಂಟು ಕೂಡಿಬಂತು. ದುರಗೇಶ ಪುಣೆಯ ಪೇಟೆಂಟ್ ಏಜೆಂಟನ ಜೊತೆ ಫೋನಿನಲ್ಲಿ ಮಾತಾಡಿ ಬಂದು ಅವಳಿಂದ ಒಂದು ಮಾತು ತೆಗೆದುಕೊಂಡ. ಅರ್ಜಿ ಒಳಗೆ ಹೋಗುವತನಕ ಪೆಟ್ಟಿಗೆಯನ್ನು ಯಾರಿಗೂ ತೋರಿಸಬಾರದು, ಯಾರ ಮುಂದೂ ಬಾಯಿ ಬಿಡಬಾರದು. ಒಮ್ಮೆ ಊರಿಗೆ ಗೊತ್ತಾದರೆ ಅದು ಹೊಸದಲ್ಲ, ಹೊಸದಲ್ಲದ್ದಕ್ಕೆ ಪೇಟೆಂಟ್ ಇಲ್ಲ. ಒಬ್ಬರ ಮಗ್ಗದ ಸೀರೆಯ ಅಂಚು ಮುಂದಿನ ಸಂತೆಯೊಳಗೆ ಎದುರು ಮನೆಯ ಮಗ್ಗದಲ್ಲಿ ಮೂಡುವ ಊರಿನವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಅವ್ವನಾಣೆ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಳು.

ಆ ಗುಟ್ಟೇ ಕುತ್ತಾಯಿತು. ಪೆಟ್ಟಿಗೆಯ ಪರೀಕ್ಷೆ ಕತ್ತಲಲ್ಲೇ ಆಗಬೇಕು, ಹಾಗಾಗಿ ಗೋದಾಮಿನ ಕದ ಮುಚ್ಚಿರುತ್ತಿತ್ತು, ದೀಪ ಆರಿರುತ್ತಿತ್ತು. ಒಳಗೆ ಇಬ್ಬರು ಎಳೆಯರು. ಊರ ಬಾಯಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ಪಕ್ಕದ ಮನೆಯ ಬೋರವ್ವ ಸಂಧ್ಯಾಳ ತಾಯಿ ಮರೆವ್ವನ ಕಿವಿಯಲ್ಲಿ ಹೇಳಿದಳು, ಮರೆವ್ವ ಅತ್ತಳು, ತಂದೆ ಹುಲೆಪ್ಪನಿಗೆ ಗೊತ್ತಾಯಿತು. ಅಣೆಕಟ್ಟಿನ ಮುಳುಗಡೆ ಪರಿಹಾರದ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದ ಹುಲೆಪ್ಪ ಎಂದೂ ದನಿ ಎತ್ತಿದವನಲ್ಲ. ದುರಗೇಶನನ್ನು ಮನೆಗೆ ಕರೆಸಿದ. ಕಟ್ಟೆಯ ಮುಂದೆ ಓಣಿಯೇ ನೆರೆದಿತ್ತು.

"ಸರ, ಕದಾ ಹಾಕ್ಕೊಂಡು, ದೀಪಾ ಆರಿಸಿ, ನೀವಿಬ್ರೂ ಅಲ್ಲಿ ಏನ ಮಾಡತೀರಿ? ನನಗ ಹೇಳದಿದ್ರೂ ನಡೀತೈತಿ. ಈ ಮಂದಿಗೆ ಹೇಳ್ರಿ."

"ಒಂದು ವಾರ ತಡೀರಿ, ಎಲ್ಲಾ ಹೇಳತೀನಿ," ಎಂದ ದುರಗೇಶ.

ಮಂದಿ ಗೊಳ್ಳೆಂದು ನಕ್ಕರು. ಮರೆವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಒಬ್ಬ ಮುಂದೆ ಬಂದು ದುರಗೇಶನ ಕಾಲರಿಗೆ ಕೈ ಹಾಕಿದ. ಅವನು ಕೈ ಬಿಡಿಸಿಕೊಳ್ಳಲಿಲ್ಲ, ಬಾಯೂ ಬಿಡಲಿಲ್ಲ. ಬಾಗಿಲ ಮರೆಯಲ್ಲಿದ್ದ ಸಂಧ್ಯಾಳಿಗೆ ಆಣೆಯೂ ಮರೆಯಿತು, ಪೇಟೆಂಟೂ ಮರೆಯಿತು. ಹಿತ್ತಲಿನಿಂದ ಗೋದಾಮಿಗೆ ಓಡಿ ಹೋಗಿ ಪೆಟ್ಟಿಗೆ ತಂದವಳೇ ಪಡಸಾಲೆಯಲ್ಲಿ ತಾಯಿಯ ಮುಂದೆ ಇಟ್ಟು ಕದ ಮುಚ್ಚಿಸಿದಳು.

"ಅವ್ವಾ, ಇದರಾಗ ಎಷ್ಟ ಎಳಿ ಕಾಣತಾವ ಎಣಿಸು. ನಾವು ಕತ್ತಲಾಗ ಮಾಡಿದ್ದು ಇದನ್ನ."

ಮರೆವ್ವ ಕಣ್ಣೊರೆಸಿಕೊಂಡು ಬಗ್ಗಿದಳು. ಮೇಲಿನ ಸಾಲಿನಲ್ಲಿ ಮೂರು ಎಂದಳು. ಕೆಳಗೆ ಐದು. ಅದರಾಚೆಗಿನವು ಕಾಣವಲ್ಲವು ಎಂದಳು, ಹಾಗೆ ಹೇಳುವಾಗ ಅವಳಿಗೆ ಒಂದಿಷ್ಟೂ ನಾಚಿಕೆ ಆಗಲಿಲ್ಲ. ಆಮೇಲೆ ಓಣಿಯ ಹೆಂಗಸರು ಒಬ್ಬರ ಹಿಂದೊಬ್ಬರು ಬಂದು ಕೂತರು. ಬೋರವ್ವ ಎಲ್ಲರಿಗಿಂತ ಮುಂದೆ. ಇದ್ಯಾವ ಅಂಟು, ಹೇಗೆ ಮಾಡಿದಿರಿ ಎಂದು ಕೇಳಿದವರಿಗೆಲ್ಲ ಸಂಧ್ಯಾ ಹಿಗ್ಗಿ ಹಿಗ್ಗಿ ಹೇಳಿದಳು. ಹುಲೆಪ್ಪ ದುರಗೇಶನಿಗೆ ಕೈಮುಗಿದ. ದುರಗೇಶ ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದ. ಅವನನ್ನು ನೋಡಿದ ಮೇಲೆಯೇ ತಾನು ಮಾಡಿದ್ದು ಏನೆಂದು ಅವಳಿಗೆ ಹೊಳೆದದ್ದು.

ಅವನು ಏಜೆಂಟನಿಗೆ ಇದ್ದದ್ದನ್ನು ಇದ್ದಂತೆ ಹೇಳಿದ, ಏಜೆಂಟ್ ಆಸೆ ಬಿಡಿ ಎಂದ. ಅಷ್ಟರಲ್ಲಿ ಅಂಥವೇ ಪೆಟ್ಟಿಗೆ ಪೇಟೆಯಲ್ಲಿ ಬೇರೆಯವರೂ ಮಾಡಿ ಇಟ್ಟುಕೊಂಡಿದ್ದರು. ದುರಗೇಶ ಅವಳನ್ನು ಬೈಯಲಿಲ್ಲ. ಅರ್ಜಿಯಲ್ಲಿ ನಿನ್ನ ಹೆಸರು ಮೊದಲು, ನನ್ನ ಹೆಸರು ಆಮೇಲೆ ಬರೆಸಿ, ಅದನ್ನೇ ತಗೊಂಡು ನಿಮ್ಮ ಅಪ್ಪನ ಹತ್ತಿರ ಹೆಣ್ಣು ಕೇಳಬೇಕೆಂದಿದ್ದೆ ಎಂದು ಮಾತ್ರ ಹೇಳಿದ. ಬೈದಿದ್ದರೆ ಎಷ್ಟೋ ಮೇಲಿತ್ತು. ಅವಳು ಮನೆಗೆ ಬಂದು ಊಟ ಬಿಟ್ಟಳು.

ಹುಲೆಪ್ಪನೇ ಮುಂದಾದ. ಊರೆಲ್ಲ ಹೆಸರು ಕೂಡಿಸಿ ಆಡಿದೆ, ಹುಡುಗನೂ ಚಿನ್ನದಂಥವನು ಎಂದು ಅವನನ್ನು ಕರೆಸಿ, ನಮ್ಮ ಮಗಳನ್ನು ಮಾಡಿಕೊಳ್ಳುತ್ತೀರಾ ಎಂದು ನೇರ ಕೇಳಿದ. ಚಹಾ ತಂದ ಸಂಧ್ಯಾ ಅಲ್ಲೇ ನಿಂತಳು. ದುರಗೇಶ ತಲೆ ಎತ್ತಲಿಲ್ಲ. ನೆಲ ನೋಡುತ್ತಾ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ‘ಹೂಂ’ ಎಂದ, ಚಹಾ ಕೂಡ ಕುಡಿಯದೆ ಎದ್ದು ಹೋದ.

ಆ ‘ಹೂಂ’ ಅವಳ ಎದೆಗೆ ಕಲ್ಲಿನ ಹಾಗೆ ಬಿತ್ತು. ಮರ್ಯಾದೆಗೆ ಒಪ್ಪಿದ್ದಾನೆ, ಜೀವಮಾನವಿಡೀ ನನ್ನನ್ನು ನೋಡಿದಾಗೆಲ್ಲ ಇವನಿಗೆ ಕಳೆದುಕೊಂಡದ್ದೇ ನೆನಪಾಗುತ್ತದೆ ಎಂದು ಲೆಕ್ಕ ಹಾಕಿದಳು. ನನಗೆ ಈ ಮದುವೆ ಬೇಡ ಎಂದು ಅಪ್ಪನಿಗೆ ಹೇಳಿದಳು. ಯಾಕೆಂದು ಎಷ್ಟು ಕೇಳಿದರೂ ಹೇಳಲಿಲ್ಲ. ದುರಗೇಶ ಕಾಲೇಜು ಬಿಟ್ಟು ಪುಣೆಯ ಅಂಟಿನ ಕಂಪನಿ ಸೇರಿದ. ಅವಳಿಗೆ ಮುಧೋಳದ ಮಾಸ್ತರ ಯುವರಾಜನ ಜೊತೆ ಮದುವೆಯಾಯಿತು. ಯುವರಾಜ ಒಳ್ಳೆಯವನು, ಅವನ ಮೇಲೆ ದೂರು ಹೇಳಿದರೆ ನಾಲಿಗೆ ಸೀಳೀತು. ಅವಳು ಮುಧೋಳದಲ್ಲೇ ಸ್ವಂತ ಚಷ್ಮಾ ಅಂಗಡಿ ತೆರೆದಳು.

ಇಪ್ಪತ್ತು ವರ್ಷದ ಮೇಲೆ, ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ, ದುರಗೇಶ ಆ ಅಂಗಡಿಗೆ ಬಂದ. ಕಿವಿಯ ಮೇಲೆ ನರೆ, ಓದಲು ಮೊಬೈಲನ್ನು ಮೊಳ ದೂರ ಹಿಡಿಯುತ್ತಿದ್ದ. ಖರೆ ನಂಬರು ಈಗ ಬಂದಿತ್ತು. ಹೆಂಡತಿ ಪುಣೆಯವಳು, ಒಬ್ಬಳು ಮಗಳು, ಅಂಟಿನಲ್ಲಿ ತನ್ನ ಹೆಸರಿನ ಪೇಟೆಂಟುಗಳೂ ಆಗಿವೆ ಎಂದು ಅವಳು ಕೇಳಿದ್ದಕ್ಕೆಲ್ಲ ಹೇಳಿದ. ನಂಬರು ಬರೆದದ್ದಾಯಿತು. ಏಳಬೇಕಾದವನು ಏಳಲಿಲ್ಲ.

"ಒಂದು ಮಾತು ಕೇಳಲೇನು? ಅವತ್ತು ಯಾಕ ಒಲ್ಲೆ ಅಂದಿ?"

ಸಂಧ್ಯಾ ಪೆನ್ನಿನ ಕ್ಯಾಪು ಹಾಕಿದಳು, ತೆಗೆದಳು. "ಅಪ್ಪಾ ಕೇಳಿದಾಗ ನೀವು ನೆಲಾ ನೋಡಕೋತ ಹೂಂ ಅಂದ್ರಿ. ನನ್ನ ಮ್ಯಾಲಿನ ಸಿಟ್ಟು ಆರಿಲ್ಲ, ಬಲವಂತಕ್ಕ ಒಪ್ಯಾರ ಅಂತ ತಿಳಕೊಂಡೆ."

ದುರಗೇಶ ಕೈಯಲ್ಲಿದ್ದ ನಂಬರಿನ ಚೀಟಿಯನ್ನು ಮೇಜಿನ ಮೇಲೆ ಇಟ್ಟ.

"ಸಿಟ್ಟಲ್ಲ. ಅಳು ಬಂದಿತ್ತು. ಪೇಟೆಂಟ್ ಹೋದ ಮ್ಯಾಲ ನಿನ್ನ ಕೇಳಾಕ ನನ್ನ ಕೈಯಾಗ ಏನೂ ಉಳಿದಿಲ್ಲ ಅಂದಕೊಂಡಿದ್ದೆ. ಅಪ್ಪಾರು ತಾವಾಗಿ ಕೊಡತೀನಿ ಅಂದ್ರಲ್ಲ, ಸಂತೋಷಕ್ಕ ಕಣ್ಣು ತುಂಬಿ ಬಂದ್ವು. ಹಿರೇರ ಮುಂದ ಗಂಡಸು ಅಳಬಾರದು ಅಂತ ತಲಿ ತಗ್ಗಿಸಿದೆ."

"ಮತ್ತ ನೀವರ ಯಾಕ ಬಂದು ಕೇಳಲಿಲ್ರಿ?"

"ಅಷ್ಟು ಮಂದ್ಯಾಗ ನಿನ್ನ ಮಾನಾ ಹೋಗಾಕತ್ತಾಗ ಬಾಯಿ ಬಿಡಲಿಲ್ಲ ನಾನು. ಅದಕ್ಕ ಒಲ್ಲೆ ಅಂದಿ, ಖರೆ ಐತಿ ಅಂದಕೊಂಡೆ."

ಒಂದು ಮಾತು. ಅವಳಾದರೂ ಕೇಳಬಹುದಿತ್ತು, ಅವನಾದರೂ ಕೇಳಬಹುದಿತ್ತು. ಚಷ್ಮಾ ಆದ ಮೇಲೆ ಪುಣೆಗೆ ಕಳಿಸಿಬಿಡು, ನಾನು ಮತ್ತೆ ಬರುವುದು ಛಲೋ ಅಲ್ಲ ಎಂದು ಅವನು ಎದ್ದ. ಅವಳು ಆಗಲಿ ಎಂದಳು. ಅವನು ರಸ್ತೆ ದಾಟಿ ಕಾರಿನ ಬಾಗಿಲು ತೆಗೆದು, ಒಮ್ಮೆ ತಿರುಗಿದ.

ಅಂಗಡಿಯ ಬಾಗಿಲಲ್ಲಿ, ಹೋಗುವ ಬರುವ ಮಂದಿಯ ನಡುವೆ, ಸಂಧ್ಯಾ ಅವನ ಹಾಗೆ ತಲೆ ತಗ್ಗಿಸದೆ, ಸೆರಗು ಕೂಡ ಅಡ್ಡ ಹಿಡಿಯದೆ ಅಳುತ್ತಿದ್ದಳು. ಅವನು ನೋಡಲಿ ಎಂದೇ ಅಳುತ್ತಿದ್ದಳು.