ಅಕ್ಕನ ತೂಕ

ಮೂವತ್ತೊಂದು ವರ್ಷದ ಹಿಂದೆ ತನ್ನನ್ನು ನೋಡಿ ಒಪ್ಪಿಕೊಂಡು ಹೋದ ಗಂಡಿನ ಕಡೆಯವರು ಆಮೇಲೆ ಯಾಕೆ ತುಟಿ ಬಿಚ್ಚಲಿಲ್ಲ ಎಂಬುದು ತಂಗಿಗೆ ಗೊತ್ತಾದದ್ದು ಆಸ್ಪತ್ರೆಯ ಔಷಧಿ ಕೌಂಟರಿನ ಸಾಲಿನಲ್ಲಿ. ಹಿಂದೆ ನಿಂತಿದ್ದ ಮುದುಕಿ ಆ ಗಂಡಿನ ಸೋದರತ್ತೆ. ಗುರುತು ಹಿಡಿದು ಮೆಲ್ಲಗೆ ಕೇಳಿದಳು.

"ಮೂರ್ಛೆ ಬರೋದು ಈಗ ಕಮ್ಮಿ ಆಗಿದೆಯೇನಮ್ಮಾ?"

"ಯಾರಿಗೆ ಮೂರ್ಛೆ?"

"ನಿಂಗೇ ಅಲ್ವಾ? ನಿಮ್ಮಕ್ಕನೇ ಮನೆಗೆ ಬಂದು ಹೇಳಿದ್ರಲ್ಲ. ಮುಚ್ಚಿಟ್ಟು ಮದುವೆ ಮಾಡೋಕೆ ಮನಸ್ಸು ಒಪ್ಪಲ್ಲ ಅಂತ ಕಣ್ಣೀರು ಹಾಕಿದ್ರು ಪಾಪ."

ತಂಗಿಗೆ ಹುಟ್ಟಿದಾಗಿನಿಂದ ಒಮ್ಮೆಯೂ ಮೂರ್ಛೆ ಬಂದಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನೇ ಹಿರಿಯಳು, ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ, ಮದುವೆ ಆಗದವಳು. ಖಾಲಿ ಮನೆಗೆ ಬೀಗ ತೆಗೆದು ಒಳಗೆ ಹೋಗುವುದೆಂದರೆ ಅವಳಿಗೆ ಮೊದಲಿನಿಂದಲೂ ಭಯ. ಅಷ್ಟಕ್ಕಾಗಿ ಒಂದು ಸುಳ್ಳು; ತಂಗಿಯೂ ಮದುವೆಯಿಲ್ಲದೆ ಆ ಮನೆಯಲ್ಲೇ ಉಳಿದಳು. ತಂಗಿ ಮಾತ್ರೆಗಳ ಚೀಲ ಹಿಡಿದು ಮೆಟ್ಟಿಲು ಹತ್ತುವಷ್ಟರಲ್ಲಿ ಜಗಳವಾಡುವ ಆಸೆ ಸತ್ತುಹೋಗಿ, ಅದರ ಜಾಗದಲ್ಲಿ ತಣ್ಣಗಿನ ಇನ್ನೊಂದು ಬಂದು ಕೂತಿತ್ತು.

ವಾರ್ಡಿನಲ್ಲಿ ಸಿಸ್ಟರ್ ಕಾಯುತ್ತಿದ್ದಳು. ಅಕ್ಕನ ಹೃದಯ ಸೋತಿದೆ, ಮೈಯಲ್ಲಿ ನೀರು ನಿಲ್ಲುತ್ತದೆ, ಅದನ್ನು ಇಳಿಸುವುದು ಈ ಬಿಳಿ ಮಾತ್ರೆ. ದಿನಾ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಿಂದ ಮೆಸೇಜು ಬರುತ್ತದೆ. ತೂಕ ಎಷ್ಟು, ಕಾಲು ಊದಿದೆಯೇ, ಉಸಿರು ಕಟ್ಟುತ್ತದೆಯೇ, ಮಾತ್ರೆ ಆಯಿತೇ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಇಲ್ಲಿಂದಲೇ ಮಾತ್ರೆ ಹೆಚ್ಚಿಸುತ್ತಾರೆ.

"ಇದು ಶುರುವಾದ್ಮೇಲೆ ವಾಪಸ್ ಅಡ್ಮಿಟ್ ಆಗೋರು ಅರ್ಧಕ್ಕರ್ಧ ಕಮ್ಮಿ ಆಗಿದ್ದಾರೆ," ಎಂದಳು ಸಿಸ್ಟರ್. "ಜೀವಾನೂ ಉಳಿಯುತ್ತೆ, ಖರ್ಚೂ ಉಳಿಯುತ್ತೆ. ನೀವು ಸರಿಯಾಗಿ ಉತ್ತರ ಕೊಟ್ರೆ ಸಾಕು."

ಅಕ್ಕನ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಫೋನು ತಂಗಿಯ ಕೈಯಲ್ಲೇ ಇರಬೇಕಾಯಿತು.

ಇಪ್ಪತ್ತಾರು ವರ್ಷದಿಂದ ತಂಗಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಓದುವವರ ಕಣ್ಣು ಎಲ್ಲಿ ಎಡವುತ್ತದೆ, ಎಲ್ಲಿ ಜಾರಿಕೊಂಡು ಮುಂದೆ ಹೋಗುತ್ತದೆ ಎಂಬುದು ಅವಳಿಗೆ ಕರತಲಾಮಲಕ. ಹಾವು ಸಾಯಬೇಕು, ಕೋಲು ಮುರಿಯಬಾರದು. ನೀರಿನ ಮಾತ್ರೆಯ ಬದಲು ಅದೇ ಗಾತ್ರದ, ಅದೇ ಬಣ್ಣದ ಕ್ಯಾಲ್ಸಿಯಂ ಮಾತ್ರೆ ಅಕ್ಕನ ಅಂಗೈಗೆ ಬಿದ್ದಿತು. ನಿಜವಾದದ್ದು ದಿನಕ್ಕೊಂದರಂತೆ ಬಚ್ಚಲಿಗೆ ಹೋಯಿತು. ನಾಳೆ ಯಾರಾದರೂ ಎಣಿಸಿದರೆ ಲೆಕ್ಕ ತಪ್ಪಬಾರದು. ಉತ್ತರದಲ್ಲಿ ತೂಕ ಒಮ್ಮೆ ಅರವತ್ತೆರಡು, ಮರುದಿನ ಅರವತ್ತೊಂದೂವರೆ, ಮತ್ತೆ ಅರವತ್ತೆರಡರ ಮೇಲೆ ಚೂರು. ದಿನಾ ಒಂದೇ ಅಂಕಿ ಬರೆದರೆ ಯಾರಿಗಾದರೂ ಅನುಮಾನ ಬರುತ್ತದೆ. ಎರಡನೇ ವಾರ "ಕಾಲು ಸ್ವಲ್ಪ ಊದಿದಂತಿದೆ" ಎಂದು ತಾನಾಗಿಯೇ ಬರೆದಳು. ಉಪ್ಪು ಕಡಿಮೆ ಮಾಡಿ ಎಂದು ಉತ್ತರ ಬಂತು. ಎರಡು ದಿನ ಬಿಟ್ಟು "ಇಳಿದಿದೆ, ಧನ್ಯವಾದ" ಎಂದಳು. ಅತ್ತಲಿಂದ ಒಂದು ನಗುಮುಖದ ಚಿತ್ರ ಬಂತು.

ನಿಜವಾದ ತೂಕ ಅರವತ್ತೇಳು ದಾಟಿತ್ತು. ಅಕ್ಕನ ಕಾಲು ಕಂಬದಂತಾಗಿ, ಬೆರಳಿಟ್ಟರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಒಂದಿದ್ದ ದಿಂಬು ಎರಡಾಯಿತು, ಮೂರಾಯಿತು, ಕೊನೆಗೆ ಅವಳು ಕುರ್ಚಿಯಲ್ಲಿ ಕೂತೇ ಕಣ್ಣು ಮುಚ್ಚತೊಡಗಿದಳು. ಉಸಿರಿನ ಗೊರಗೊರ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಮುದ್ರಣಾಲಯದಲ್ಲಿ ಯಂತ್ರ ನಿಂತಾಗಲೂ ತಂಗಿಯ ಕಿವಿಯಲ್ಲಿ ಅದೇ.

"ಎಷ್ಟು ಬಂತೇ ಇವತ್ತು?" ತೂಕದ ಯಂತ್ರದಿಂದ ಇಳಿಯುತ್ತ ಅಕ್ಕ ಕೇಳುತ್ತಿದ್ದಳು.

"ಅರವತ್ತೆರಡು."

"ಹಾಗಾದ್ರೆ ಚೆನ್ನಾಗೇ ಇದ್ದೀನಿ." ಅವಳು ಮಾತ್ರೆಗೆ ಕೈ ಚಾಚುತ್ತಿದ್ದಳು. ಯಾವತ್ತೂ ಬೇಡವೆನ್ನಲಿಲ್ಲ. ಒಂದು ದಿನ ಮಾತ್ರ ತಂಗಿಯ ಮಣಿಕಟ್ಟು ಹಿಡಿದು, "ನಿನ್ನ ಜೀವ ತಿಂದುಬಿಟ್ಟೆ ಕಣೇ," ಎಂದಳು. ಆರೈಕೆಯ ಮಾತು ಆಡುತ್ತಿದ್ದಾಳೆ ಎಂದುಕೊಂಡು ತಂಗಿ ಕೈ ಬಿಡಿಸಿಕೊಂಡಳು. ಆ ಬೆರಳುಗಳ ತಂಪು ಮಾತ್ರ ಸಂಜೆಯವರೆಗೂ ಬಿಡಲಿಲ್ಲ.

ಅಕ್ಕನ ತುಟಿ ನೀಲಿಗೆ ತಿರುಗಿದ ಮೇಲೆ ತಂಗಿ ಮೆಸೇಜಿನ ತೂಕವನ್ನು ಕಾಲು ಕಿಲೋ, ಅರ್ಧ ಕಿಲೋ ಏರಿಸತೊಡಗಿದಳು. ಎಚ್ಚರಿಕೆಯ ಗೆರೆ ಮುಟ್ಟದಷ್ಟು, ಆದರೆ ಆಮೇಲೆ ನೋಡಿದವರಿಗೆ "ಹೌದು, ಏರುತ್ತಿತ್ತು" ಅನ್ನಿಸುವಷ್ಟು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಅವಳು ಭೂಗೋಳದ ಪಠ್ಯಪುಸ್ತಕದ ಕರಡಿನಲ್ಲಿ ಮುಳುಗಿದ್ದಾಗ ಪಕ್ಕದ ಮನೆಯಾಕೆಯ ಕರೆ ಬಂತು. ಮನೆಗೆ ಬಂದ ಡಾಕ್ಟರು ಫೋನಿನಲ್ಲಿದ್ದ ಏಳು ವಾರದ ಉತ್ತರಗಳನ್ನು ನೋಡಿ, "ಹೊಟ್ಟೇಲಿ ಹುಟ್ಟಿದ ಮಕ್ಕಳೂ ಇಷ್ಟು ನೋಡ್ಕೊಳ್ಳಲ್ಲ," ಎಂದು ಸಾವಿನ ಪ್ರಮಾಣಪತ್ರಕ್ಕೆ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಏಳಕ್ಕೆ ಫೋನು ಟಿಣ್ ಎಂದಿತು. ನಮಸ್ಕಾರ ಅಮ್ಮ, ಇವತ್ತಿನ ತೂಕ ಎಷ್ಟು? ಅದರ ಮರುದಿನವೂ. ಮೆಸೇಜು ಕಳಿಸುವ ಯಂತ್ರಕ್ಕೆ ಸಾವು ತಿಳಿದಿರಲಿಲ್ಲ. ಫೋನು ಮುಚ್ಚಿಟ್ಟರೂ ಏಳಕ್ಕೆ ಸರಿಯಾಗಿ ತಂಗಿಗೆ ಎಚ್ಚರವಾಗುತ್ತಿತ್ತು. ಖಾಲಿ ಕುರ್ಚಿ ಉಸಿರಾಡಿದ ಹಾಗೆ ಕೇಳುತ್ತಿತ್ತು. ಒಂಬತ್ತನೇ ದಿನ ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಳು ತೂಕದ ಯಂತ್ರದ ಮೇಲೆ ನಿಂತು, ಮುಳ್ಳು ನೋಡುತ್ತಿದ್ದಳು. ಅವತ್ತೇ ಆಸ್ಪತ್ರೆಗೆ ಹೋದಳು. ಸುದ್ದಿ ತಿಳಿಸಿ ಮೆಸೇಜು ನಿಲ್ಲಿಸಬೇಕಿತ್ತು; ಹೆದರುವಂಥದ್ದೇನೂ ಆ ಫೈಲಿನಲ್ಲಿರಲಿಲ್ಲ.

ಸಿಸ್ಟರ್ ಕುರ್ಚಿ ತೋರಿಸಿ, ಫೈಲು ಮುಚ್ಚುವ ಮುನ್ನ ಎಲ್ಲವನ್ನೂ ಒಮ್ಮೆ ನೋಡಬೇಕು, ಅದು ನಿಯಮ ಎಂದು ಒಳಗೆ ಹೋದಳು. ಮರಳಿ ಬಂದದ್ದು ಮುಕ್ಕಾಲು ಗಂಟೆಯ ಮೇಲೆ, ಜೊತೆಗೆ ಇನ್ನಿಬ್ಬರು. "ಬಿಡುಗಡೆ ದಿನ ನೀವು ಮಾತ್ರೆ ತರೋಕೆ ಕೆಳಗೆ ಹೋಗಿದ್ದಾಗ ನಿಮ್ಮಕ್ಕನಿಗೆ ಹೇಳಿದ್ದೆ," ಎಂದಳು, ತಂಗಿಯ ಮುಖ ನೋಡದೆ. "ಕಣ್ಣು ಕಾಣದವರಿಗೆ ಅಂತ ನಮ್ಮಲ್ಲಿ ಇನ್ನೊಂದಿದೆ. ಮಧ್ಯಾಹ್ನ ಮೂರಕ್ಕೆ ಮನೆ ಫೋನಿಗೇ ಕರೆ ಹೋಗುತ್ತೆ, ಅದೇ ಪ್ರಶ್ನೆ ಕೇಳುತ್ತೆ, ಅವರು ಹೇಳಿದ್ದು ರೆಕಾರ್ಡ್ ಆಗುತ್ತೆ. ನಿಮ್ಮಕ್ಕ ಹೇಳಿರ್ತಾರೆ ಅಂದ್ಕೊಂಡೆ. ಮೆಸೇಜಲ್ಲಿ ಎಲ್ಲ ಸರಿ ಇದ್ರೆ ಅದನ್ನ ಯಾರೂ ಕೇಳಲ್ಲ. ಇವತ್ತೇ ಕೇಳಿದ್ದು." ಅವಳು ಒಂದು ಗುಂಡಿ ಒತ್ತಿದಳು. ಮೊದಲು ಬಂದದ್ದು ಆ ಗೊರಗೊರ ಉಸಿರು, ಆಮೇಲೆ ಮಾತು. "ಮಾತ್ರೆ ಆಯ್ತಪ್ಪ. ನೀರಿನ ಮಾತ್ರೆ ತಗೊಂಡ್ರೆ ಮೂರು ಸಲ ಬಚ್ಚಲಿಗೆ ಏಳ್ಬೇಕು, ಮನೆಗೆ ಬಂದ್ಮೇಲೆ ಏಳೋದೇ ಇಲ್ಲ. ರುಚಿನೂ ಬೇರೆ. ತಂಗಿ ಬದಲಾಯಿಸಿದಾಳೆ, ನಂಗೆ ಗೊತ್ತು. ಅವಳಿಗೆ ನೀವು ಯಾರೂ ಏನೂ ಅನ್ಬೇಡಿ, ನಾನವಳಿಗೆ ಮಾಡಿದ್ದು ಇದಕ್ಕಿಂತ ದೊಡ್ಡದು. ತೂಕಾನಾ? ನಂಗೆ ಕಾಣಲ್ಲಪ್ಪ. ಅವಳು ಏನ್ ಹೇಳಿದಾಳೋ ಅದನ್ನೇ ಬರ್ಕೊಳ್ಳಿ."