ಬೇಲಿಯಾಚೆಯಿಂದ ಕೇಳಿದ ಅರ್ಧ ಮಾತು

"ನಾರಿಯಾ! ನಾರಿಯಾ!"

ಲಹುಯಿ ಗಂಟಲು ಹರಿಯುವಂತೆ ಕೂಗಿದ. ಅಷ್ಟರಲ್ಲಿ ರಕತಾನಿ ಅರ್ಧ ದಾರಿ ಓಡಿಬಿಟ್ಟಿದ್ದಳು. ಹಿಂದಿರುಗಿ ಬ್ಯಾಟು ಚಾಚಿ ಬೀಳುವ ಹೊತ್ತಿಗೆ ವಿಕೆಟ್ ಹಾರಿಹೋಗಿತ್ತು.

ಸಮುದ್ರದಲ್ಲಿ ಕಂಬ ನಿಲ್ಲಿಸಿ ಮನೆ ಕಟ್ಟಿಕೊಂಡ ದ್ವೀಪದ ಊರು ಹನುವಾಬಾದ; ಅಲ್ಲಿನ ಈಸ್ಟರ್ ಪಂದ್ಯ. ಗೆಲ್ಲಲು ಬೇಕಿದ್ದದ್ದು ಎರಡೇ ರನ್. ಕೈಯಲ್ಲಿದ್ದದ್ದು ಒಂದೇ ವಿಕೆಟ್. ಅದೂ ಹೋಯಿತು!

"ನಾರಿಯಾ ಅಂದ್ರೆ ಕಾಯಿ ಅಂತ! ಹುಟ್ಟಿದ್ದು ಈ ಊರಲ್ಲೇ ತಾನೆ ನೀನು?" ಲಹುಯಿ ಹತ್ತಿರ ಬಂದು ಸಿಡುಕಿದ.

ರಕತಾನಿ ಮೊಣಕೈಯ ಧೂಳು ಕೊಡವುತ್ತಾ ಎದ್ದಳು.

"ಗೊತ್ತು! ನಿನ್ನ ಮಾತು ಕೇಳಿ ಕಾಯ್ತಾ ನಿಂತಿದ್ರೆ ಮುಂದಿನ ಈಸ್ಟರ್ ಬರ್ತಿತ್ತು."

"ದೇಶದ ತಂಡಕ್ಕೆ ಆಯ್ಕೆ ಆಗಿದ್ದಾಳಂತೆ... ದೊಡ್ಡ ಆಲ್‌ರೌಂಡರ್!"

"ಆಗಿದ್ದೀನಿ. ಅಲ್ಲಿ ನನ್ನ ಜೊತೆ ಓಡೋರು ಮನುಷ್ಯರು. ನೀನು ಹಲಗೆ ಕುಯ್ದು ಕುಯ್ದು ಮರವೇ ಆಗಿಬಿಟ್ಟಿದ್ದೀಯ!"

ಸುತ್ತ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಲಹುಯಿ ಮಾತ್ರ ನಗಲಿಲ್ಲ. ಅವನ ಕಣ್ಣು ಅವಳ ಮೊಣಕೈಯ ಮೇಲಿತ್ತು. ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಅವನು ತನ್ನ ಬಾಟಲಿಯ ನೀರನ್ನು ಗಾಯದ ಮೇಲೆ ಸುರಿದ. ಕೈ ನಡುಗದ ಬಡಗಿ ಅವನು. ಸಿಬಿರು ತೆಗೆಯುವ ಜೋಪಾನದಲ್ಲಿ ಒಂದೊಂದೇ ಮಣ್ಣಿನ ಕಣ ತೆಗೆದ.

ಬೈಯಲು ಬಾಯಿ ತೆರೆದವಳಿಗೆ ಬೈಗುಳವೇ ಮರೆತುಹೋಯಿತು...

ಅಲ್ಲಿಂದ ಎರಡು ವರ್ಷ, ಸಂಜೆಯಾದರೆ ಚರ್ಚಿನ ಬದಿಯ ಬಯಲಿನಲ್ಲಿ ಅವನು ಚೆಂಡೆಸೆಯುತ್ತಿದ್ದ, ಅವಳು ಹೊಡೆಯುತ್ತಿದ್ದಳು. ಚೆಂಡು ಸಮುದ್ರಕ್ಕೆ ಬಿದ್ದರೆ ಮನೆಗಳ ಕೆಳಗಿನ ಕಂಬಗಳ ನಡುವೆ ಈಜಿ ಅವನೇ ತರುತ್ತಿದ್ದ. ಅವಳ ಆಫ್ ಸ್ಪಿನ್ ಅವನ ಕಾಲಿನ ನಡುವೆ ನುಗ್ಗಿದಾಗಲೆಲ್ಲ ಅವನಿಗೇ ಹೆಚ್ಚು ಖುಷಿ. ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ಆಡಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

ಆಮೇಲೆ ಆ ಪತ್ರ ಬಂತು.

ಸಮುದ್ರದಾಚೆಯ ಕ್ವೀನ್ಸ್‌ಲೆಂಡಿನ ಒಂದು ಕ್ರಿಕೆಟ್ ಕ್ಲಬ್ಬು ಅವಳನ್ನು ಕರೆದಿತ್ತು. ಎರಡು ವರ್ಷ ಅಲ್ಲಿ ಆಟ, ನಡುನಡುವೆ ದೇಶದ ತಂಡದ ಜೊತೆ ಪ್ರವಾಸ. ರಕತಾನಿ ಪತ್ರ ಹಿಡಿದು ಲಹುಯಿಯ ಮನೆಗೆ ಓಡಿದಳು. ಬಾಗಿಲಲ್ಲಿ ಅವನ ತಾಯಿ ಇದ್ದರು.

"ಸೊಸೆಯಾಗಿ ಬರೋಳು ಬ್ಯಾಟು ಹೆಗಲಿಗೆ ಹಾಕ್ಕೊಂಡು ಊರೂರು ಅಲೀತಾಳಾ? ಸಾಕು ಮಾಡು ಮಗಳೇ, ಆಡಿದ್ದಾಯ್ತಲ್ಲ."

ರಕತಾನಿ ಲಹುಯಿಯ ಮುಖ ನೋಡಿದಳು. 'ಏನಾದರೂ ಹೇಳು... ಒಂದೇ ಒಂದು ಮಾತು...'

ಅವನು ತಲೆ ತಗ್ಗಿಸಿ ನಿಂತಿದ್ದ.

ಆ ವಾರವಿಡೀ ಅವನು ಕಾಣಿಸಲಿಲ್ಲ. ಹೊರಡುವ ದಿನ ಅವಳು ವಿಮಾನದ ಮೆಟ್ಟಿಲ ಕಡೆ ನಡೆದು ಹೋಗುತ್ತಿದ್ದಾಗ, ಕಬ್ಬಿಣದ ಬೇಲಿಯಾಚೆ ಯಾರೋ ಓಡೋಡಿ ಬಂದಂತಾಯಿತು. ಪಕ್ಕದಲ್ಲೇ ಇನ್ನೊಂದು ವಿಮಾನ ಗರ್ಜಿಸುತ್ತಿತ್ತು. ಆ ಸದ್ದನ್ನು ಸೀಳಿಕೊಂಡು ಲಹುಯಿಯ ಒಂದೇ ಕೂಗು...

"...ನಾರಿಯಾ!"

ಅವಳ ಹೆಜ್ಜೆ ನಿಂತಿತು.

'ಕಾಯಿ. ನಿಲ್ಲು. ಹೋಗಬೇಡ.' ಮೈದಾನದಲ್ಲಿ ಸಾವಿರ ಸಲ ಕೇಳಿದ ಮಾತು. ಅದನ್ನು ಕೇಳಿದರೆ ಕಾಲು ತಾನೇ ಹಿಂದಕ್ಕೆ ಹೊರಳಬೇಕು. 'ಕೊನೆಗೆ ಇವನೂ ಅಮ್ಮನ ಮಾತೇ ಆಡಿದನಲ್ಲ...'

ಅವಳು ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು. ಅತ್ತದ್ದು ವಿಮಾನ ಮೋಡ ದಾಟಿದ ಮೇಲೆ.

ಹೊಸ ಊರು, ಹೊಸ ಫೋನ್ ನಂಬರು. ಹಳೆಯ ನಂಬರನ್ನು ಅವಳೇ ಕಿತ್ತೆಸೆದಿದ್ದಳು. ಕಬ್ಬಿನ ಗದ್ದೆಗಳ ನಡುವಿನ ಆ ಪುಟ್ಟ ಪಟ್ಟಣದಲ್ಲಿ ಬೆಳಿಗ್ಗೆ ಬ್ರೆಡ್ ಅಂಗಡಿಯ ಕೆಲಸ, ಮಧ್ಯಾಹ್ನ ಅಭ್ಯಾಸ. ಐದನೆಯವಳಾಗಿ ಬ್ಯಾಟಿಂಗಿಗೆ ಹೋಗುತ್ತಿದ್ದವಳು ಮೂರನೆಯವಳಾದಳು. ಚೆಂಡು ಹಳತಾದರೆ ನಾಯಕಿ ಹುಡುಕುತ್ತಿದ್ದದ್ದು ಅವಳನ್ನೇ.

ಆದರೆ ದೇಶದ ತಂಡದ ಜೊತೆ ಆಡುವಾಗ ಎದುರು ತುದಿಯ ಜೊತೆಗಾತಿ "ನಾರಿಯಾ" ಎಂದರೆ ಸಾಕು... ಆ ಕಬ್ಬಿಣದ ಬೇಲಿ ಕಣ್ಣ ಮುಂದೆ ಬರುತ್ತಿತ್ತು.

ವನುವಾಟು ತಂಡದ ವಿರುದ್ಧ ಅರವತ್ತೊಂದು ರನ್ ಹೊಡೆದು ನಾಲ್ಕು ವಿಕೆಟ್ ಕಿತ್ತ ದಿನ, ತಂಡವೆಲ್ಲ ಅವಳನ್ನು ಹೊತ್ತು ಕುಣಿಯಿತು. ಅವಳು ಮಾತ್ರ ಆ ಎತ್ತರದಿಂದ ಜನರ ನಡುವೆ ಒಂದು ಮುಖ ಹುಡುಕಿದಳು. ಇರಲಾರದ ಮುಖ. ಇರಲಾರದೆಂದು ಗೊತ್ತಿದ್ದೂ ಹುಡುಕಿದಳು!

ಹೀಗೆ ಎರಡು ವರ್ಷ ಮುಗಿಯಿತು. ಕ್ಲಬ್ಬು ಇನ್ನೆರಡು ವರ್ಷಕ್ಕೆ ಕೇಳಿತು. ಸೋಮವಾರದೊಳಗೆ ಸಹಿ ಮಾಡಬೇಕು. ಸಹಿ ಹಾಕುವ ಮೊದಲು ಒಮ್ಮೆ ಊರು ನೋಡಿ ಬರೋಣವೆಂದು ಅವಳು ಶುಕ್ರವಾರ ಬಂದಿಳಿದಳು.

ಅಜ್ಜಿಯ ಮನೆಗೆ ಹೋಗುವ ಹಲಗೆ ದಾರಿಯಲ್ಲಿ ಮೊದಲು ನಾಲ್ಕೈದು ಕಡೆ ಕಾಲು ಮುರಿದ ಹಲಗೆಗಳ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು. ಈಗ ಒಂದು ಹಲಗೆಯೂ ಅಲುಗಲಿಲ್ಲ.

"ಇದನ್ನೆಲ್ಲ ಯಾರು ಹಾಕಿದ್ದು, ಬೂಬು?" ಜಗಲಿಯಲ್ಲಿ ಅಡಿಕೆ ಮೆಲ್ಲುತ್ತಿದ್ದ ಅಜ್ಜಿಯನ್ನು ಅಪ್ಪಿಕೊಂಡು ಕೇಳಿದಳು.

"ಇನ್ಯಾರು? ಲಹುಯಿ. ಎರಡು ವರ್ಷದಿಂದ ಶನಿವಾರ ತಪ್ಪಿಸಿಲ್ಲ. ಹಲಗೆ ಹಾಕ್ತಾನೆ, ಮೀನು ತಿಂತಾನೆ, ನಿನ್ನ ಸುದ್ದಿ ಕೇಳ್ತಾನೆ, ಹೋಗ್ತಾನೆ."

"ಮತ್ತೆ... ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಅವನ ಹೆಸರೆತ್ತಿದ್ರೆ ಫೋನೇ ಇಟ್ಬಿಡ್ತಿದ್ದೆಯಲ್ಲೇ ಮಹಾರಾಣಿ!"

ರಕತಾನಿಯ ಕಿವಿ ಬಿಸಿಯಾಯಿತು. "ಹೋಗ್ಬೇಡ ಅಂತ ಬೇಲಿ ಹತ್ರ ಕೂಗಿದವನು ಅವನು, ಬೂಬು!"

"ಹೋಗ್ಬೇಡ ಅಂದ್ನಾ?" ಅಡಿಕೆ ಮೆಲ್ಲುತ್ತಿದ್ದ ಅಜ್ಜಿಯ ಬಾಯಿ ನಿಂತಿತು. "ನಂಗೆ ಹಾಗೆ ಹೇಳ್ಲಿಲ್ಲಪ್ಪ. 'ಲಾವು ನಾರಿಯಾ ಅಂತ ಕೂಗಿದೆ, ಅವಳು ತಿರುಗಿಯೂ ನೋಡ್ಲಿಲ್ಲ, ನಾನು ಬೇಡ ಅಂತ ಅದರರ್ಥ ಅಲ್ವಾ ಬೂಬು' ಅಂತ ಈ ಜಗಲಿಯಲ್ಲೇ ಕೂತು ಅತ್ತ."

ಲಾವು!

ಲಾವು ಅಂದರೆ ನಾನು. 'ನಾನು ಕಾಯ್ತೀನಿ.'

ಆ ಒಂದು ಪುಟ್ಟ ಪದವನ್ನು ವಿಮಾನದ ಸದ್ದು ನುಂಗಿತ್ತು. ಮೈದಾನದಲ್ಲಿ ಯಾರೂ 'ನಾನು, ನೀನು' ಎಂದು ಕೂಗುವುದಿಲ್ಲ, ಅಷ್ಟು ಪುರುಸೊತ್ತು ಎಲ್ಲಿ? ಹಾಗಾಗಿ ಆಟಗಾರ್ತಿಯ ಕಿವಿಗೆ ಉಳಿದದ್ದು ಒಂದೇ ಅಪ್ಪಣೆ. ಅಯ್ಯೋ... ಎರಡು ವರ್ಷ!

ಅವಳು ಚೀಲವನ್ನು ಅಲ್ಲೇ ಬಿಟ್ಟು ಓಡಿದಳು.

ಲಹುಯಿ ಚರ್ಚಿನ ಹಿಂದಿನ ಹಲಗೆ ದಾರಿಯಲ್ಲಿ ಮಂಡಿಯೂರಿ ಕುಳಿತಿದ್ದ. ತುಟಿಗಳ ನಡುವೆ ನಾಲ್ಕು ಮೊಳೆ, ಕೈಯಲ್ಲಿ ಸುತ್ತಿಗೆ. ಅವಳನ್ನು ಕಂಡವನು ಎದ್ದು ನಿಂತ. ಮೊಳೆ ತೆಗೆಯಬೇಕೆಂದೂ ತೋಚಲಿಲ್ಲ.

"ಮಾತಾಡ್ಬೇಡ," ಅಂದಳು ರಕತಾನಿ ಏದುಸಿರು ಬಿಡುತ್ತಾ. "ಮೊದಲು ನಾನು. ನಂಗೆ ಅರ್ಧ ಕೇಳಿಸ್ತು ಲಹುಯಿ... ಬರೀ ಅರ್ಧ! ನಂಗೇ ನಿಲ್ಲು ಅಂದೆ ಅಂದ್ಕೊಂಡೆ. ಸಿಟ್ಟಿಂದ ಹೋದೆ. ಸಿಟ್ಟು ಹೋದ ಮೇಲೂ ಹಟ ಇತ್ತು. ಹಟ ಹೋದ ಮೇಲೆ ನಾಚಿಕೆ. ದಿನಾ ನಿನ್ನನ್ನೇ ನೆನೆಸ್ಕೋತಿದ್ದೆ, ದಿನಾ! ಸೋಮವಾರ ಸಹಿ ಮಾಡ್ತೀನಿ, ಮತ್ತೆ ಹೋಗ್ತೀನಿ. ಆಟ ಬಿಡೋಕೆ ನನ್ನಿಂದಾಗಲ್ಲ. ಆದ್ರೆ ನಿನ್ನನ್ನ ಬಿಡೋಕೂ ಆಗ್ಲಿಲ್ಲ. ನಿನ್ನನ್ನ ಪ್ರೀತಿಸ್ತೀನಿ. ಇಷ್ಟೇ. ಈಗ ನೀನು ಏನಾದ್ರೂ ಹೇಳು!"

ಸುತ್ತಲ ಮನೆಗಳ ಕಿಟಕಿಗಳಲ್ಲಿ ಒಂದೊಂದೇ ಮುಖ ಮೂಡಿತ್ತು.

"ಏ ಲಹುಯಿ!" ಯಾರೋ ಹೆಂಗಸು ಕೂಗಿದಳು. "ಮೊಳೆ ಉಗುಳಿ ಉತ್ತರ ಕೊಡೋ! ಅನ್ನ ಸೀದು ಹೋಗ್ತಿದೆ ನಂದು!"

ಅವನು ಮೊಳೆಗಳನ್ನು ಅಂಗೈಗೆ ತೆಗೆದುಕೊಂಡ. ಒಂದು ಜಾರಿ ನೀರಿಗೆ ಬಿತ್ತು. ಇಬ್ಬರೂ ಅದನ್ನೇ ನೋಡಿದರು.

"ಆವತ್ತು ಅಮ್ಮನ ಎದುರು ಸುಮ್ಮನಿದ್ದೆ," ಅಂದ ಲಹುಯಿ. "ತಪ್ಪು ನಂದು, ರಕತಾನಿ. ಅಲ್ಲೇ ಬಾಯಿ ಬಿಟ್ಟಿದ್ರೆ ಬೇಲಿ ಹತ್ರ ಕೂಗೋ ಗತಿ ಬರ್ತಿರ್ಲಿಲ್ಲ. ನೀನು ಹೋದ ಮೇಲೆ ಅಮ್ಮನಿಗೆ ಹೇಳಿದ್ದೀನಿ. ಆಟ ಬಿಡು ಅನ್ನೋ ಮಾತು ಈ ಮನೇಲಿ ಇನ್ನು ಬರಬಾರ್ದು ಅಂತ."

"ಅವರೇನಂದ್ರು?"

"ಮೂರು ತಿಂಗಳು ನನ್ನ ಹತ್ರ ಮಾತು ಬಿಟ್ರು. ಈಗ ರೇಡಿಯೋದಲ್ಲಿ ನಿನ್ನ ಪಂದ್ಯ ಬಂದ್ರೆ ಪಕ್ಕದ ಮನೆಯವರನ್ನೂ ಕರೀತಾರೆ."

ರಕತಾನಿ ಅಳುತ್ತಲೇ ನಕ್ಕಳು.

"ಡಿಸೆಂಬರಲ್ಲಿ ಹತ್ತು ದಿನ ರಜೆ ಸಿಗುತ್ತೆ ನಂಗೆ," ಅಂದಳು ನೆಲ ನೋಡುತ್ತಾ.

"ಹತ್ತು ದಿನದಲ್ಲಿ ಮದುವೆಯಾ? ಮದುವೆಗೆ ಗಂಡಿನ ಕಡೆಯವರು ನಿನ್ನ ಮನೆಗೆ ಕೊಡೋ ಬಾಳೆಗೊನೆ ಕೂಡಿಸೋಕೇ ಅಮ್ಮನಿಗೆ ಒಂದು ತಿಂಗಳು ಬೇಕು!"

"ಹಾಗಾದ್ರೆ ಇವತ್ತೇ ಶುರು ಮಾಡೋಕೆ ಹೇಳು."

ಕಿಟಕಿಗಳಲ್ಲಿ ಶಿಳ್ಳೆ, ಕೇಕೆ! ಯಾರೋ ಪಾತ್ರೆ ಬಡಿದರು. ಲಹುಯಿ ಒಂದು ಹೆಜ್ಜೆ ಮುಂದೆ ಬಂದ.

"ತಾನಿ... ಅದನ್ನ ಇನ್ನೊಂದ್ಸಲ ಹೇಳ್ತೀಯಾ?"

"ಯಾವುದು? ಬಾಳೆಗೊನೆದಾ?"

"ಅಲ್ಲ... ಮೊಳೆ ಬಾಯಲ್ಲಿದ್ದಾಗ ಹೇಳಿದ್ದು."

ಈ ಸಲ ಅವಳು ಯಾವ ಕಿಟಕಿಗೂ ಕೇಳಿಸದಷ್ಟು ಹತ್ತಿರ ಹೋಗಿ, ಅವನ ಕಿವಿಯಲ್ಲಿ ಹೇಳಿದಳು.